ಇಪ್ಪತ್ತೇಳನೇ ನಂಬರಿನ ಬಂಡೆ

ನಂಬೋದಿಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು. ಅಮೆರಿಕದ ರಾಲಿ ಊರಿನ ನನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಕೂತು, ಅರಿಜೋನಾ ಮರುಭೂಮಿಯ ಹೈಸ್ಕೂಲ್ ಮಕ್ಕಳ ಫೋಟೋಗಳಿಗೆ ತೀರ್ಪು ಕೊಟ್ಟ ಮಹಾನುಭಾವ ನಾನೇ. ಸುಳ್ಳು ಅನ್ನಿಸಿದರೆ ಯಾರನ್ನಾದರೂ ಕೇಳಿ. ಬೇಡ, ಕೇಳಬೇಡಿ. ಅವರೆಲ್ಲ ಕಥೆಯನ್ನ ಕೊನೆಯಿಂದ ಶುರು ಮಾಡ್ತಾರೆ. ಇಂಥವು ನನ್ನ ಬಾಳಲ್ಲಿ ಆಗ್ತಾನೇ ಇರುತ್ತವೆ. ಹಾಗಾಗಿ ಮೊದಲಿಂದ ಹೇಳೋ ಅಭ್ಯಾಸ ನನಗಿದೆ.

ಮೊಳೆ

ಕೊರೋನಾ ಕಾಲ. ಅರಿಜೋನಾದ ಕನ್ನಡ ಕೂಟದವರು ಮಕ್ಕಳಿಗೆ ಪ್ರಕೃತಿ ಫೋಟೋ ಸ್ಪರ್ಧೆ ಇಟ್ಟರು. ತಮ್ಮಲ್ಲೇ ಯಾರಾದರೂ ತೀರ್ಪು ಕೊಟ್ಟರೆ, "ಅವರ ಮಗಳಿಗೆ ಕೊಟ್ರಿ, ನಮ್ಮ ಮಗನ್ನ ಬಿಟ್ರಿ" ಅಂತ ಅರ್ಧ ಜನ ಕೂಟದ ಪಾಟ್‌ಲಕ್ ಊಟಕ್ಕೆ ಬರೋದೇ ನಿಲ್ಲಿಸ್ತಾರೆ. ಅದಕ್ಕೇ ತೀರ್ಪುಗಾರರನ್ನ ದೇಶದ ಇನ್ನೊಂದು ತುದಿಯ ನಮ್ಮ ಕಡೆಯಿಂದ ಕರೆದರು. ಒಬ್ಬರು ಗೈದರ್ಸ್‌ಬರ್ಗ್‌ನ ಅಂಕಲ್, ಹಕ್ಕಿ ನೋಡೋ ಹುಚ್ಚಿನವರು. ಇನ್ನೊಬ್ಬರು ಲಾರೆನ್ಸ್‌ವಿಲ್‌ನ ಮಂಗಳೂರು ಆಂಟಿ, ಹಿತ್ತಲಲ್ಲಿ ಬಸಳೆ ಬೆಳೆದು ಬೀದಿಗೆಲ್ಲ ಹಂಚೋರು. ಮೂರನೆಯವನು ನಾನು.

"ನಿಂಗೆ ಕ್ಯಾಮೆರಾ ಬಗ್ಗೆ ಏನಾದ್ರೂ ಗೊತ್ತೇನಪ್ಪಾ?" ಅಂದರು ಅಂಕಲ್.

"ಕ್ಯಾಮೆರಾ ಯಾರಿಗೆ ಬೇಕು ಅಂಕಲ್? ನಂದು ಪಾವಗಡದ ಕಡೆ. ಕಲ್ಲು, ಮುಳ್ಳು, ಚೇಳು ಇವುಗಳ ಜೊತೇಲೇ ಬೆಳೆದೋನು. ಮರುಭೂಮಿ ನಂಗೆ ಅಜ್ಜಿಮನೆ ಇದ್ದಂಗೆ."

ಮುಖ್ಯ ತೀರ್ಪುಗಾರನಿಗೆ ಕೊನೆಯಲ್ಲಿ ಮೈಸೂರು ಪೇಟ ಕಳಿಸ್ತಾರೆ ಅಂತ ಗೊತ್ತಾಯಿತು. ಆ ಜಾಗ ನನಗೇ ಬೇಕು ಅಂದೆ.

"ತಗೋ ಮಾರಾಯ," ಅಂದರು ಆಂಟಿ. "ಎಡವಟ್ಟು ಮಾಡಿದ್ರೆ ಮಾತ್ರ ಪೇಟ ಇಲ್ಲ."

ಅವತ್ತೇ ಅವ್ವನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಮಾರನೇ ದಿನ ಅವಳದ್ದೇ ಫೋನ್: "ಹಾಲಿನ ಡೈರೀಲಿ ಎಲ್ರಿಗೂ ಹೇಳಿವ್ನಿ ಕಣ್ಲಾ. ಪೇಟ ಹಾಕ್ಕೊಂಡು ಫೋಟೋ ಕಳ್ಸು, ಕಟ್ಟು ಹಾಕಿಸ್ತೀನಿ."

ಮಕ್ಕಳ ಒಂದು ಫೋಟೋನೂ ಬಂದಿರಲಿಲ್ಲ, ನಮ್ಮನೆ ಗೋಡೆಗೆ ಮೊಳೆ ಹೊಡೆದಾಗಿತ್ತು.

ಫಾರಂ

ಫೋಟೋ ಕಳಿಸೋ ವೆಬ್‌ಸೈಟ್ ಮಾಡಿದ್ದೂ ನಾನೇ. ನನ್ನ ಹೊಟ್ಟೆಪಾಡೇ ಅದು. ಬೇರೆಯವರು ಹದಿನೈದು ದಿನ ಎಳೆಯೋದನ್ನ ಒಂದು ಶನಿವಾರದಲ್ಲಿ ಮುಗಿಸಿದೆ. ಟೆಸ್ಟ್ ಮಾಡಬೇಕಲ್ಲ, ಹೆಸರಿನ ಜಾಗದಲ್ಲಿ 'ಟೆಸ್ಟ್ ಟೆಸ್ಟ್' ಅಂತ ಹಾಕಿದೆ. ವಯಸ್ಸು ಇಪ್ಪತ್ತೆಂಟು ಅಂದರೆ ಅದು ಒಪ್ಪಲಿಲ್ಲ. ಹದಿಮೂರರಿಂದ ಹದಿನೆಂಟರವರೆಗೆ ಮಾತ್ರ ಅಂತ ಕಟ್ಟುಪಾಡು ಹಾಕಿದ್ದವನು ನಾನೇ. ಹದಿನೈದು ಅಂದೆ. ಫೋನಿನಲ್ಲಿ ಬೆರಳಿಗೆ ಸಿಕ್ಕ ಯಾವುದೋ ಫೋಟೋ ಒತ್ತಿದೆ, ಏನು ಅಂತಾನೂ ನೋಡಲಿಲ್ಲ. ವೆಬ್‌ಸೈಟು ಅದರ ಅಂಚೆಲ್ಲ ಕತ್ತರಿಸಿ, ಚೌಕ ಮಾಡಿ ತೋರಿಸಿತು, ಪೂರ್ತಿ ಫೋಟೋನ ಒಳಗೇ ಇಟ್ಟುಕೊಂಡಿತು.

"ಟೆಸ್ಟ್ ಎಂಟ್ರಿ ಡಿಲೀಟ್ ಮಾಡಿದ್ಯೇನಪ್ಪಾ?" ಅಂದರು ಅಂಕಲ್.

"ಅಂಕಲ್, ನನ್ನ ಯಾರು ಅಂದ್ಕೊಂಡಿದೀರಿ?"

ಯಾರು ಅಂತ ಅವರಿಗೆ ಆಮೇಲೆ ಗೊತ್ತಾಯಿತು.

ಹೆಜ್ಜೆ

ಮೊದಲ ಸುತ್ತಿನಲ್ಲಿ ಕೆಲವು ಮಕ್ಕಳ ಜೊತೆ ಜೂಮ್‌ನಲ್ಲಿ ಮಾತುಕತೆ. ಒಬ್ಬ ಹುಡುಗ ಮರಳ ಮೇಲಿನ ಹೆಜ್ಜೆಗುರುತಿನ ಫೋಟೋ ತೋರಿಸಿದ. ಅವನು ಬಾಯಿ ತೆರೆಯೋಕೆ ಮೊದಲೇ ನಾನು ಶುರು ಮಾಡಿದೆ.

"ತೋಳ! ಗಂಡು ತೋಳ. ಹಿಂದಿನ ಬಲಗಾಲು ಒಂಚೂರು ಕುಂಟು. ಮುಂಜಾನೆ ಹೊಟ್ಟೆ ಬಿರಿಯ ತಿಂದು ಈ ದಾರೀಲಿ ಹೋಗಿದೆ."

"ಅಂಕಲ್, ದಟ್ಸ್ ಮೈ ಡಾಗ್," ಅಂದ ಹುಡುಗ. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಗುಲಾಬಿ ಸ್ವೆಟರ್ ಹಾಕಿಕೊಂಡ ಹೆಣ್ಣು ನಾಯಿ, ಕುಂಬಳಕಾಯಿಯ ಹಾಗೆ ಸೋಫಾ ಮೇಲೆ ಕೂತಿತ್ತು.

ನಾಯಿಗಿಂತ ನನ್ನ ಎದೆಗೆ ಚುಚ್ಚಿದ್ದು ಆ 'ಅಂಕಲ್'. ಇಪ್ಪತ್ತೆಂಟಕ್ಕೆ ಯಾರಾದ್ರೂ ಅಂಕಲ್ ಆಗ್ತಾರಾ?

ಆಂಟಿ ಸಮಾಧಾನ ಮಾಡಿದರು: "ಬೇಜಾರಾಗಬೇಡ ಮಾರಾಯ. ಹೊಟ್ಟೆ ಬಿರಿಯ ತಿಂದಿದೆ ಅಂದದ್ದು ಸರಿಯಾಗೇ ಇತ್ತು."

ಹುತ್ತ

ಮುಂದಿನ ಫೋಟೋ ಒಬ್ಬ ಹುಡುಗಿಯದು. ಸಂಜೆ ಬಿಸಿಲು, ಮಣ್ಣಿನ ಗುಡ್ಡೆ, ಪಕ್ಕದಲ್ಲೊಂದು ಬಿಲ. ನೋಡಿದ್ದೇ ನಾನು ಕೂತಲ್ಲೇ ಚಪ್ಪಲಿ ಬಿಟ್ಟೆ.

"ನಾಗಪ್ಪನ ಹುತ್ತ!" ಅಂದೆ. ಆಂಟಿ ತಕ್ಷಣ ಕೈ ಮುಗಿದರು. ಅಂಕಲ್ ಕನ್ನಡಕ ತೆಗೆದು ಎರಡೂ ಕಣ್ಣಿಗೆ ಕೈ ಒತ್ತಿಕೊಂಡರು.

"ಫೋಟೋ ತೆಗೆಯೋ ಮೊದ್ಲು ಶೂ ಬಿಚ್ಚಿದ್ಯೇನಮ್ಮಾ?" ಅಂದೆ ನಾನು, ಸ್ವಲ್ಪ ಗದರಿಸಿಯೇ.

"ನೋ... ಅಲ್ಲಿ ಗೋಫರ್ ಇರುತ್ತೆ ಅಂಕಲ್. ಇಲಿ ತರ. ಬಿಗ್ ಇಲಿ."

ಆಂಟಿ ಮುಗಿದ ಕೈ ಇಳಿಸಿದರು.

"ಇರ್ಲಿ ಬಿಡಿ. ಇಲಿ ಅಂದ್ರೆ ಗಣಪತಿ ವಾಹನ. ಮುಗಿದ ಕೈ ದಂಡ ಆಗ್ಲಿಲ್ಲ."

ಬಂಡೆ

ಕೊನೆಯ ದಿನ ಹೆಸರು ಮುಚ್ಚಿ, ಬರೀ ನಂಬರ್ ಇಟ್ಟು ತೀರ್ಪು. ಮಕ್ಕಳು, ಅಪ್ಪ ಅಮ್ಮಂದಿರು ಎಲ್ಲರೂ ಜೂಮ್‌ನಲ್ಲಿ. ನನ್ನ ಹೆಸರಿಗೆ ಪೇಟ ಕೂಗೋದನ್ನ ಕೇಳಲಿ ಅಂತ ಅವ್ವನಿಗೂ ಲಿಂಕ್ ಕಳಿಸಿದ್ದೆ. ಅವಳ ಹಿಂದೆ ಡೈರಿಯ ಅರ್ಧ ಜನ ನಿಂತಿದ್ದರು.

ಇಪ್ಪತ್ತೇಳನೇ ನಂಬರ್ ಬಂತು. ಕಂದು ಬಣ್ಣದ ಒಂಟಿ ಬಂಡೆ. ದುಂಡಗೆ, ಮಳೆ ಈಗಷ್ಟೇ ನಿಂತಂತೆ ಹೊಳಪು, ಅಲ್ಲಲ್ಲಿ ಉಬ್ಬು.

"ಚೆನ್ನಾಗಿದೆ. ಹತ್ತಕ್ಕೆ ಆರು ಕೊಡೋಣ," ಅಂದರು ಅಂಕಲ್.

ನನಗೆ ರೇಗಿತು. "ಆರಾ? ಬಂಡೆ ಮೇಲೆ ಮಲಗಿ ಬೆಳೆದೋನು ನಾನು ಅಂಕಲ್! ಇದು ಸಾವಿರಾರು ವರ್ಷ ಬಿಸಿಲು ತಿಂದ ಕಲ್ಲು. ಆ ಉಬ್ಬು ನೋಡಿ, ಗಾಳಿ ಕೆತ್ತಿದ್ದು. ಇಂಥ ಕಲ್ಲನ್ನ ನಾನು ಕತ್ತಲಲ್ಲಿ ಮುಟ್ಟಿದ್ರೂ ಗುರುತು ಹಿಡೀತೀನಿ. ಹತ್ತಕ್ಕೆ ಹತ್ತು!"

ಮುಖ್ಯ ತೀರ್ಪುಗಾರನ ಮಾತಿಗೆ ಎದುರುಂಟೇ? ಮೊದಲ ಬಹುಮಾನ ಅದಕ್ಕೇ ಆಯಿತು. ಹೆಸರು ತೆರೆದರು. ಟೆಸ್ಟ್ ಟೆಸ್ಟ್, ವಯಸ್ಸು ಹದಿನೈದು.

"ಟೆಸ್ಟ್ ಯಾರಪ್ಪಾ? ಕೈ ಎತ್ತು ಮರೀ," ಅಂತ ಕೂಟದ ಕಾರ್ಯದರ್ಶಿ ಎರಡು ಸಲ ಕರೆದರು. ಯಾರೂ ಕೈ ಎತ್ತದಿದ್ದಾಗ ಕತ್ತರಿಸದ ಪೂರ್ತಿ ಫೋಟೋ ತೆರೆದರು. ಬಂಡೆಯ ಸುತ್ತ ಸ್ಟೀಲ್ ತಟ್ಟೆ ಇತ್ತು. ತಟ್ಟೆಯ ಅಂಚಿನಲ್ಲಿ ಸೊಪ್ಪಿನ ಸಾರು ಇತ್ತು.

ಅಷ್ಟರಲ್ಲಿ ಅವ್ವನ ದನಿ, ಅರಿಜೋನಾ ತನಕ ಕೇಳುವ ಹಾಗೆ:

"ಅಯ್ಯೋ, ಅದು ನೀನು ಅವತ್ತು ತಿರುವಿ ಫೋಟೋ ಕಳ್ಸಿದ್ದ ರಾಗಿಮುದ್ದೆ ಅಲ್ವೇನ್ಲಾ! ಗಂಟು ಗಂಟು ಆಗೈತೆ ಅಂತ ಆಗ್ಲೇ ಬೈದಿರಲಿಲ್ವಾ?"

ಮೊದಲ ಬಹುಮಾನ ಗೋಫರ್ ಹುಡುಗಿಗೆ ಹೋಯಿತು. ಪೇಟ ಬಸಳೆ ಆಂಟಿಗೆ ಹೋಯಿತು. ಎರಡು ವಾರದ ಮೇಲೆ ಆ ಮಕ್ಕಳೆಲ್ಲ ಸೇರಿ ನನಗೂ ಒಂದು ಉದ್ದನೆಯ ಪಾರ್ಸೆಲ್ ಕಳಿಸಿದರು. ಅವ್ವ ವಿಡಿಯೋದಲ್ಲೇ ಇದ್ದಳು. "ಬೇಗ ಬಿಚ್ಲಾ, ಮೊಳೆ ಖಾಲಿ ನಿಂತೈತೆ," ಅಂದಳು. ಬಿಚ್ಚಿದೆ.

ಮುದ್ದೆ ತಿರುವೋ ಕೋಲು ಕೊಟ್ಟಿದ್ದರು.