ಕಂಬವಿಲ್ಲದ ಪೆಂಡಾಲು

ಪೆಂಡಾಲು ಹಾಕುವವನ ಎದುರಿಗೆ ಜಗತ್ತು ತನ್ನ ಹುಚ್ಚಾಟಗಳನ್ನೆಲ್ಲ ತಾನಾಗಿಯೇ ತಂದು ಆಡಿ ತೋರಿಸುತ್ತದೆ. ಕಲಬುರಗಿಯಲ್ಲಿ ವ್ಯಾಪಾರ ಮೇಳವಿರಲಿ, ಡಾಕ್ಟರರ ಸಮ್ಮೇಳನವಿರಲಿ, ಮೊದಲ ಗೂಟ ಹೊಡೆಯುವವನು ನಾನು, ಕೊನೆಯ ಗೂಟ ಕೀಳುವವನೂ ನಾನೇ. ನಡುವಿನ ದಿನಗಳಲ್ಲಿ ಮೂಲೆಗೊಂದು ಕುರ್ಚಿ ಹಾಕಿಕೊಂಡು, ಗಾಳಿಗೆ ಉಬ್ಬಿ ಇಳಿಯುವ ಬಟ್ಟೆಯನ್ನು ನೋಡುತ್ತ ಕನಸು ಕಾಣುತ್ತೇನೆ. ನನ್ನ ಹೆಂಡತಿ ಇದಕ್ಕೆ ತೂಕಡಿಕೆ ಅನ್ನುತ್ತಾಳೆ.

ಈ ವರ್ಷ ಆ ಕನಸಿಗೇ ಕುತ್ತು ಬಂತು. ಬೇಳೆಕಾಳು, ಹಣ್ಣುಗಳ ವ್ಯಾಪಾರ ಮೇಳ ನಡೆಸುವ ಸಮಿತಿಯ ಅಧ್ಯಕ್ಷರು ನನ್ನನ್ನು ಕರೆಸಿ ಚಹಾ ಕೊಟ್ಟರು. ಅವರು ಚಹಾ ಕೊಟ್ಟರೆಂದರೆ ಸುದ್ದಿ ಕೆಟ್ಟದ್ದೇ.

"ಮುಂದಿನ ವರ್ಷ ಎಲ್ಲಾ ಕನ್ನಡಕದಾಗ ನೋಡ್ರಿ. ಮಂದಿ ತಮ್ಮ ತಮ್ಮ ಮನ್ಯಾಗ ಕುಂತು ಆ ದೊಡ್ಡ ಕನ್ನಡಕ ಹಾಕ್ಕೊಂಡ್ರ ಸಾಕು, ಮೇಳ ಕಣ್ಮುಂದ ಬರ್ತದ. ಪೆಂಡಾಲ ಬೇಕಾಗಂಗಿಲ್ಲ. ಈ ಸಲ ಪರೀಕ್ಷಾ ಮಾಡ್ತೀವಿ, ಪಾಸಾತಂದ್ರ ಮುಗೀತು."

ಮುಗಿಯುವುದು ನನ್ನ ಇಪ್ಪತ್ತೆರಡು ವರ್ಷದ ದಂಧೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೋದ ವಾರದ ತೋಟ

ಕನ್ನಡಕದ ಇಂಜಿನಿಯರ್ ಕಮಲಾಪುರಕ್ಕೆ ಹೊರಟಿದ್ದ. ಶತ್ರುವನ್ನು ಹತ್ತಿರದಿಂದ ನೋಡೋಣವೆಂದು ನಾನೂ ಅವನ ಗಾಡಿ ಹತ್ತಿದೆ. ಅಲ್ಲಿ ಕೆಂಪು ಬಾಳೆ ಬೆಳೆಯುವ ಒಬ್ಬ ವಯಸ್ಸಾದ ಆಯಿಯ ತೋಟವನ್ನು ಅವನು ಮೊದಲೇ ಚಿತ್ರ ತೆಗೆದುಕೊಂಡು ಹೋಗಿದ್ದ. ಈಗ ಅದನ್ನು ಆಕೆಗೇ ತೋರಿಸಬೇಕಾಗಿತ್ತು. ಬಾಳೆಯ ನೆರಳಿನಲ್ಲೇ ಕೂರಿಸಿ ಕನ್ನಡಕ ಹಾಕಿದ. ಆಯಿ ತನ್ನ ತೋಟದಲ್ಲೇ ಕೂತು ತನ್ನ ತೋಟ ನೋಡತೊಡಗಿದಳು. ಕೆಂಪು ಗೊನೆಗಳು, ಎಲೆಗಳ ನಡುವೆ ಸೋಸಿ ಬರುವ ಬಿಸಿಲು, ಎಲ್ಲ ಹಾಗೇ ಇತ್ತಂತೆ. ಆಕೆಯ ಮುಖದಲ್ಲಿ ನಗು ತೇಲತೊಡಗಿತು. ಶತ್ರು ಗೆಲ್ಲುತ್ತಿದ್ದ.

ಇದ್ದಕ್ಕಿದ್ದಂತೆ ಆಯಿ ಕನ್ನಡಕ ಕಿತ್ತು ಅವನ ಕೈಗಿಟ್ಟು ಓಡಿದಳು. ಮೂಲೆಯ ಸಾಲು ಒಣಗಿದ್ದು ಕಂಡಿತ್ತಂತೆ. ಹೋಗಿ ನೀರು ತಿರುಗಿಸಿಯೇಬಿಟ್ಟಳು.

"ಆಯೀ, ಅದು ಹೋದ ವಾರದ್ದು!" ಎಂದು ಇಂಜಿನಿಯರ್ ಕೂಗಿದ.

ಆಯಿ ಸೀರೆಯ ನೆರಿಗೆ ಎತ್ತಿಕೊಂಡು ವಾಪಸು ಬಂದಳು. "ಹೋದ ವಾರನ ಒಣಗಿದ್ದು ನೋಡಿದಿ, ಹೋದ ವಾರನ ಹೇಳಾಕ ಏನಾಗಿತ್ತೋ ನಿನಗ?"

ಬಾಗಿಲಿನ ಹೆಣ್ಣುಮಗಳು

ಮೇಳ ಶುರುವಾಯಿತು. ಪರೀಕ್ಷೆಯ ವರ್ಷವಾದ್ದರಿಂದ ಈ ಸಲ ನನ್ನ ಪೆಂಡಾಲೂ ಇತ್ತು, ಕನ್ನಡಕಗಳೂ ಇದ್ದವು. ಬಾಗಿಲಲ್ಲಿ ಸೀರೆ ಉಟ್ಟ ಒಂದು ರೋಬೋ. ಎದುರಿಗೆ ಯಾರು ಬಂದರೂ ಕೈ ಜೋಡಿಸಿ, "ನಮಸ್ಕಾರ್ರೀ, ಒಳಗ ಬರ್ರಿ" ಅನ್ನುತ್ತಿತ್ತು. ಒಳಗೆ ಹೋಗುವವರು, ಹೊರಗೆ ಹೋಗುವವರು ಎಂಬ ಭೇದ ಅದಕ್ಕಿರಲಿಲ್ಲ.

ಕಮಲಾಪುರದ ಆಯಿ ಮೇಳ ನೋಡಿ ಮುಗಿಸಿ ಹೊರಟರೆ, ಬಾಗಿಲಲ್ಲಿ "ಒಳಗ ಬರ್ರಿ". ಸಂಕೋಚದಿಂದ ಒಳಗೆ ಬಂದಳು. ಇನ್ನೊಂದು ಸುತ್ತು ಹಾಕಿ ಹೊರಟಳು. ಮತ್ತೆ "ಒಳಗ ಬರ್ರಿ". ಮೂರನೆಯ ಸಲ ನನ್ನ ಕುರ್ಚಿಯ ಹತ್ತಿರ ಬಂದು ಕೂತಳು.

"ಆಯೀ, ಅದು ಮಷೀನ್ ಅದರೀ. ನೀವು ಸುಮ್ ಹೋಗ್ರಿ."

"ಮಷೀನ್ ಇದ್ರೇನಪ್ಪಾ? ಕಲಬುರಗ್ಯಾಗ ನನ್ನ ಮಗಳ ಮನೀನೂ ಅದ. ಅಲ್ಲಿ ಯಾರೂ ಇಷ್ಟು ಕರೆಂಗಿಲ್ಲ."

ನನ್ನ ಹಣೆ

ಕೊನೆಗೆ ಒಂದು ಮಧ್ಯಾಹ್ನ ನಾನೂ ಕನ್ನಡಕ ಹಾಕಿದೆ. ಸುಳ್ಳೇಕೆ ಹೇಳಲಿ, ಮೈ ಜುಮ್ಮೆಂದಿತು. ಕೊನೆಯೇ ಕಾಣದ ಪೆಂಡಾಲು. ಮೇಲೆ ಬಟ್ಟೆಯಿಲ್ಲ, ಸಂಜೆಯ ಬಣ್ಣವೇ ಛಾವಣಿ. ಎಲ್ಲೂ ಒಂದು ಕಂಬವಿಲ್ಲ. ಇಷ್ಟು ವರ್ಷ ಕುರ್ಚಿಯಲ್ಲಿ ಕೂತು ನಾನು ಕಂಡ ಕನಸೇ ಇದು, ಬೇರೆ ಯಾರೋ ಕಟ್ಟಿಬಿಟ್ಟಿದ್ದರು. ಹೊಟ್ಟೆಕಿಚ್ಚೂ ಆಯಿತು, ಕಣ್ಣಲ್ಲಿ ನೀರೂ ಬಂತು. ಹಾಗೇ ನಡೆದೆ, ಹೆಜ್ಜೆಗೊಮ್ಮೆ ಕಾಲೆತ್ತಿ.

"ಯಾಕ್ರೀ ಹಂಗ ಕಾಲ ಎತ್ತಾಕತ್ತೀರಿ?" ಇಂಜಿನಿಯರನ ದನಿ ಎಲ್ಲಿಂದಲೋ ಕೇಳಿತು.

"ಪೆಂಡಾಲಿನ ಹಗ್ಗ ದಾಟಾಕತ್ತೀನಿ."

"ಅದರಾಗ ಹಗ್ಗ ಇಲ್ಲರೀ!"

ಇನ್ನೆರಡು ಹೆಜ್ಜೆ ಇಟ್ಟೆ. ಧಡ್ ಎಂದು ಸದ್ದಾಯಿತು. ಕಂಬವಿಲ್ಲದ ಪೆಂಡಾಲಿನಲ್ಲಿ ಕಂಬಕ್ಕೆ ಹಣೆ ಬಡಿದುಕೊಂಡ ಮೊದಲ ಮನುಷ್ಯ ನಾನು. ಕಂಬವೂ ನನ್ನದೇ.

ಟವೆಲ್

ಕೊನೆಯ ದಿನ ನಿಜವಾದ ಪರೀಕ್ಷೆ. ನಮ್ಮೂರ ಬೇಳೆ ಮಿಲ್ಲಿನ ಸಾಹುಕಾರರು ಇಲ್ಲಿ ಕನ್ನಡಕ ಹಾಕಿ ನಿಂತರು. ಖರೀದಿದಾರ ಹೈದರಾಬಾದಿನಲ್ಲಿ ಹಾಕಿಕೊಂಡು ಕೂತಿದ್ದ. ವ್ಯವಹಾರ ಕುದುರಿದರೆ ನನ್ನ ಕಥೆ ಮುಗಿದಂತೆ. ಅಧ್ಯಕ್ಷರು ಮುಂದಿನ ಸಾಲಿನಲ್ಲಿ, ನಾನು ಹಣೆಗೆ ಪಟ್ಟಿ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ.

ಬೇಳೆ ನೋಡಿದ್ದಾಯಿತು, ಕುಶಲ ವಿಚಾರಿಸಿದ್ದಾಯಿತು. ಧಾರಣೆಯ ಮಾತು ಬಂದಾಗ ಸಾಹುಕಾರರು ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹೊದಿಸಿಕೊಂಡರು. ಅವರ ಅಪ್ಪ, ಅಜ್ಜ ಎಲ್ಲರೂ ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದೇ ಧಾರಣೆ ಹೇಳಿದವರು. ಬಾಯಲ್ಲಿ ಹೇಳಿದರೆ ಸುತ್ತ ನಿಂತವರಿಗೆ ಕೇಳುತ್ತದಲ್ಲ.

"ಸಾವ್ಕಾರ್, ಆಪ್ಕಾ ಹಾಥ್ ಕಿಧರ್ ಗಯಾ?" ಹೈದರಾಬಾದಿನವನು ಗಾಬರಿಯಾದ. ಅವನಿಗೆ ಸಾಹುಕಾರರ ಕೈಯೇ ಮಾಯವಾಗಿತ್ತು.

ಇಂಜಿನಿಯರ್ ಓಡಿ ಬಂದ. "ಸಾಹೇಬ್ರ, ಟವೆಲ್ ತೆಗೀರಿ. ಕೈ ಬರೊಬ್ಬರಿ ಕಂಡ್ರನ ಕನ್ನಡಕಕ್ಕ ತಿಳೀತದ."

"ಕಾಣಬಾರದಂತನ ಹೊಚ್ಚೀನೋ ಮಾರಾಯಾ! ಸುತ್ತ ಯಾರ್ ನಿಂತಾರ ನೋಡು."

ಸುತ್ತ ಉಳಿದ ಮಿಲ್ಲುಗಳ ಮಾಲಕರೆಲ್ಲ ಕತ್ತು ಚಾಚಿ ನಿಂತಿದ್ದರು. ಟವೆಲ್ ತೆಗೆದರೆ ಅವರಿಗೆ ಬೆರಳು ಕಾಣುತ್ತದೆ, ಹಾಕಿದರೆ ಕನ್ನಡಕಕ್ಕೆ ಕಾಣುವುದಿಲ್ಲ. ಸಾಹುಕಾರರು ತೆಗೆಯಲಿಲ್ಲ. "ಮನ್ಯಾಗ ಕುಂತು ಮಾಡ್ರಲ್ಲ" ಎಂದ ಇಂಜಿನಿಯರ್. "ಮನ್ಯಾಗ ನಾಲ್ಕು ಮಂದಿ ತಮ್ಮಂದಿರು ಅದಾರ" ಎಂದರು ಸಾಹುಕಾರರು.

ಅಧ್ಯಕ್ಷರು ಹಿಂದೆ ತಿರುಗಿ ನನ್ನನ್ನು ನೋಡಿದರು. "ಒಳಗ ಒಬ್ಬವ ನಿಂದ್ರೂವಂಗ, ನಾಕೂ ಕಡೆ ಪರದಿ ಕಟ್ಟಾಕ ಬರ್ತದೇನ್ರಿ?"

ಹತ್ತೇ ನಿಮಿಷದಲ್ಲಿ ಕಟ್ಟಿದೆ. ಸಾಹುಕಾರರು ಟವೆಲ್ ಹೆಗಲಿಗೇರಿಸಿ ಒಳಗೆ ಹೋದರು, ಧಾರಣೆ ಕುದುರಿಸಿ ನಗುತ್ತ ಹೊರಗೆ ಬಂದರು. ಕೂಡಲೇ ಉಳಿದ ಮಾಲಕರೆಲ್ಲ, "ನಮಗೂ ಒಂದೊಂದು" ಎಂದು ಗಂಟುಬಿದ್ದರು.

ಮುಂದಿನ ವರ್ಷ ಪೆಂಡಾಲಿಲ್ಲ, ಅದು ಖರೆ. ಸಮಿತಿ ನನಗೆ ಕೊಟ್ಟ ಆರ್ಡರು ಬೇರೆ: ಮನೆಮನೆಯ ಕನ್ನಡಕಕ್ಕೊಂದರಂತೆ ನಾಲ್ಕು ಕಂಬದ ಅರವತ್ತು ಟವೆಲ್.