ನೇರಳೆ ಹೂವಿನ ಫೋಟೊ

ಫೋಟೊ ತೋರಿಸುವುದು ಸಂಜೆಗೆ ಎಂದಿತ್ತು. ಎಲ್ಲ ಸರಿಯಾಗಿ ಬರುತ್ತದೆಯೋ ಇಲ್ಲವೋ ಎಂದು ಕನ್ನಡಕದಣ್ಣ ಬೆಳಿಗ್ಗೆಯೇ ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿ ಕೂತಿದ್ದೇ ತಪ್ಪಾಯಿತು.

ಬೀದಿಯ ತುದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದರಿಂದ ಕಟ್ಟಡದವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಗಂಡ ಹೆಂಡತಿ ದಕ್ಷಿಣ ಫ್ರಾನ್ಸ್ ಸುತ್ತಿಕೊಂಡು ಬಂದು ವಾರವಾಗಿತ್ತು. ಬರೀ ಫೋಟೊ ಎಂದರೆ ಯಾರೂ ಬರುವುದಿಲ್ಲವೆಂದು ಹೆಂಡತಿ ಕೇಕು, ಕಾಫಿಯ ಆಸೆಯನ್ನೂ ತೋರಿಸಿದ್ದಳು.

ಸಮುದ್ರ ಚೆನ್ನಾಗಿ ಬಂತು. ಕಲ್ಲಿನ ಸೇತುವೆ ಚೆನ್ನಾಗಿ ಬಂತು. ಆಮೇಲೆ ಬಂತು ನೋಡಿ, ಲ್ಯಾವೆಂಡರ್ ಹೊಲ. ನೇರಳೆ ಹೂವಿನ ನಡುವೆ ಹೆಂಡತಿ ಕೈಗಳನ್ನು ರೆಕ್ಕೆಯ ಹಾಗೆ ಚಾಚಿ ನಿಂತಿದ್ದಳು. ಇಡೀ ಪ್ರವಾಸದಲ್ಲಿ ಅವಳು ಮೆಚ್ಚಿದ್ದು ಅದೊಂದೇ ಫೋಟೊ. ಫೋನಿನಲ್ಲಿ ಅದನ್ನು ನೂರು ಸಲ ನೋಡಿದ್ದಳು; ನೂರು ಸಲವೂ ತನ್ನನ್ನೇ ನೋಡಿಕೊಂಡಿದ್ದಳು. ಟೀವಿಯ ಅಗಲಕ್ಕೆ ಹಿಗ್ಗಿದ ಮೇಲೆ ಅವಳ ಭುಜದ ಹಿಂದೆ ಇನ್ನೊಬ್ಬರು ಕಂಡರು. ನಾಲಗೆ ಚಾಚಿ ಐಸ್‌ಕ್ರೀಮು ನೆಕ್ಕುತ್ತಿದ್ದ ಆ ಮನುಷ್ಯ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು! ಇನ್ನೊಂದು ಕೈ ಒಬ್ಬ ಹೆಂಗಸಿನ ಸೊಂಟದ ಮೇಲೆ. ಆಕೆಗೆ ಪ್ಯಾಂಟು, ಕಪ್ಪು ಕನ್ನಡಕ, ಮುಖವನ್ನೇ ನುಂಗುವಂಥ ಟೋಪಿ.

ಕನ್ನಡಕದಣ್ಣ ತನ್ನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಮೇಷ್ಟ್ರು ಅಲ್ಲೇ ಇದ್ದರು.

ಆ ದಿನಗಳಲ್ಲಿ ಮೇಷ್ಟ್ರು ಯಾವುದೋ ತರಬೇತಿ ಶಿಬಿರಕ್ಕೆ ಹೋಗಿದ್ದರಲ್ಲವೇ? ಅವರ ಹೆಂಡತಿ, ಪಾಪ, ಅಕ್ಕನ ಮನೆಯಲ್ಲಿದ್ದಳಲ್ಲವೇ? ತನ್ನನ್ನು ಬಾಯಿತುಂಬ ಅಣ್ಣಾ ಎನ್ನುವ ಹೆಣ್ಣುಮಗಳು! ಅವಳ ಸಂಸಾರ ತನ್ನ ಮನೆಯ ಟೀವಿಯಲ್ಲಿ, ತನ್ನ ಮನೆಯ ಕೇಕು ತಿನ್ನುತ್ತಲೇ ಒಡೆದುಹೋಗುವುದೇ? ಅವನು ಆ ಫೋಟೊವನ್ನು ಪೆನ್‌ಡ್ರೈವಿನಿಂದ ಕಿತ್ತುಹಾಕಿದ. ಫೋನಿನಲ್ಲಿ ಮಾತ್ರ ಉಳಿಸಿಕೊಂಡ. ಸ್ಟುಡಿಯೋದವನ ಹತ್ತಿರ ಹಿಂದಿನವರನ್ನು ಅಳಿಸಿ ಹೆಂಡತಿಯನ್ನು ಉಳಿಸಿದರಾಯಿತು ಎಂದುಕೊಂಡ.

ಸಂಜೆ ಮೇಷ್ಟ್ರು, ಅವರ ಹೆಂಡತಿ, ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಸೋಫಾ ತುಂಬಿದರು. ಪೋಸ್ಟ್‌ಮಾಸ್ಟರಿಗೆ ಸಮುದ್ರವೂ ಬೇಡ, ಸೇತುವೆಯೂ ಬೇಡ. ಪರದೆಯ ಮೂಲೆಯ ನಂಬರಿನ ಮೇಲೇ ಕಣ್ಣು.

“ನಿಲ್ಸಿ ನಿಲ್ಸಿ. ನಲವತ್ತಾರಾದ್ಮೇಲೆ ನಲವತ್ತೆಂಟು ಬಂತಲ್ರೀ? ಮಧ್ಯದ್ದು ಎಲ್ಲಿ?”

“ಹೌದಲ್ರೀ, ನನ್ನ ಹೂವಿನ ಫೋಟೊ!” ಎಂದಳು ಹೆಂಡತಿ.

“ಅದು... ಬಿಸಿಲಿಗೆ ಹಾಳಾಯ್ತು ಕಣೇ.”

“ಬಿಸಿಲಿಗೆ ಹಾಳಾಗೋಕೆ ಅದೇನು ಹಾಲಾ? ನಿನ್ನೆ ಫೋನಲ್ಲಿ ನೋಡಿದೀನಿ. ಕೊಡಿ ಇಲ್ಲಿ.”

ಕನ್ನಡಕದಣ್ಣ ಫೋನನ್ನು ಹಿಂದಿನ ಜೇಬಿಗೆ ತುರುಕಿ, ಕಾವು ಕೂತ ಕೋಳಿಯಂತೆ ಅದರ ಮೇಲೆ ಕೂತುಬಿಟ್ಟ.

“ಗಂಡ ಹೆಂಡ್ತಿ ನಡುವೆ ಮುಚ್ಚುಮರೆ ಇರ್ಬಾರ್ದು. ತೋರಿಸ್ಬಿಡಿ,” ಎಂದರು ಮೇಷ್ಟ್ರು, ಕೇಕಿನ ಎರಡನೇ ತುಂಡಿಗೆ ಕೈ ಹಾಕುತ್ತ. ಕನ್ನಡಕದಣ್ಣ ಕಣ್ಣು ಹೊಡೆದ, ಕಾಲು ತುಳಿದ. “ಯಾಕ್ರೀ ತುಳೀತೀರಿ?” ಎಂದರು ಆ ಪುಣ್ಯಾತ್ಮ.

ಪೋಸ್ಟ್‌ಮಾಸ್ಟರು ಮುಂದಕ್ಕೆ ಬಾಗಿದರು. “ತಾಯಿ, ಫೋಟೋದಲ್ಲಿ ಮುಂದೆ ನೀವಿದ್ರಿ ಸರಿ. ಹಿಂದೆ ಯಾರಿದ್ರು?”

ಹೆಂಡತಿ ಹುಬ್ಬು ಗಂಟಿಕ್ಕಿದಳು. “ಹಿಂದೆ... ಎಂಥದೋ ಟೋಪಿ ಇತ್ತು.”

“ಗಂಡಸರದ್ದಾ, ಹೆಂಗಸರದ್ದಾ?”

“ಹೆಂಗಸರದ್ದು!”

ಮೇಷ್ಟ್ರ ಹೆಂಡತಿಗೆ ಕಾಫಿ ನೆತ್ತಿಗೇರಿತು. ಪಾಪ, ಈಕೆಗೂ ಒಳಗೊಳಗೇ ಅನುಮಾನವಿದೆ ಎಂದು ಕನ್ನಡಕದಣ್ಣನ ಕರುಳು ಚುರ್ ಎಂದಿತು. ಅಷ್ಟರಲ್ಲಿ ಅವನ ಹೆಂಡತಿ ಎದ್ದು ನಿಂತಿದ್ದಳು. “ಅದಕ್ಕೇನಾ ಅಷ್ಟೊತ್ತು ನನ್ನ ಬಿಸಿಲಲ್ಲಿ ನಿಲ್ಲಿಸಿದ್ದು? ಎಡಕ್ಕೆ ಸರಿ, ಬಲಕ್ಕೆ ಸರಿ ಅಂತ! ನನ್ನ ನೆಪ ಮಾಡ್ಕೊಂಡು ಅವಳ ಫೋಟೊ ತೆಗೆದ್ರಾ?”

ಇನ್ನು ತಡೆಯಲಾರದೆ ಅವನು ಮೇಷ್ಟ್ರ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದು ಫೋನು ತೋರಿಸಿದ. ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆಯಾಯಿತು.

“ಇದು ಹೊರಗೆ ಬಿದ್ರೆ ನನ್ ಹೆಂಡ್ತಿ ನನ್ನ ಉಳಿಸಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ!” ಎಂದವರೇ ಕಾಲಿಗೆ ಬೀಳುವ ಬದಲು ಫೋನು ಕಿತ್ತುಕೊಂಡು ಫೋಟೊ ಅಳಿಸಿದರು. ಅಳಿಸಿದ್ದನ್ನು ಇನ್ನೊಮ್ಮೆ ಹುಡುಕಿ ಅಳಿಸಿದರು.

“ಏನಿತ್ತು ಮೇಷ್ಟ್ರೇ?” ಕನ್ನಡಕದಣ್ಣನ ಹೆಂಡತಿ ಬಾಗಿಲಲ್ಲೇ ತಡೆದಳು.

ಮೇಷ್ಟ್ರು ನೆಲ ನೋಡಿದರು. “ಕೇಳ್ಬೇಡಿ ತಾಯಿ. ಅಳಿಸ್ಬಿಟ್ಟೆ. ಹೆಂಗಸರು ನೋಡೋ ಅಂಥದ್ದಲ್ಲ.” ಹಾಗೆಂದು ಒಂದೇ ಉಸಿರಿಗೆ ತಮ್ಮ ಮನೆ ಸೇರಿಕೊಂಡರು.

ಹೆಂಡತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೋಸ್ಟ್‌ಮಾಸ್ಟರು “ಛೆ ಛೆ” ಎನ್ನುತ್ತ, ಉಳಿದ ಕೇಕು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಲೋಟ ತೊಳೆದಿಟ್ಟು ಕೊನೆಗೆ ಹೊರಟವಳು ಮೇಷ್ಟ್ರ ಹೆಂಡತಿ. ಕನ್ನಡಕದಣ್ಣ ಹೊರಗೆ ಬಂದು ಅವಳನ್ನು ತಡೆದ. ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ?

“ತಂಗೀ, ಆ ಫೋಟೋದಲ್ಲಿದ್ದದ್ದು ನಿಮ್ಮ ಯಜಮಾನ್ರು. ಟೋಪಿ ಹಾಕಿದ ಯಾವಳದೋ ಸೊಂಟ ಹಿಡ್ಕೊಂಡು!”

ಈಗ ಚೀರುತ್ತಾಳೆಂದು ಅವನು ಮೈ ಬಿಗಿಹಿಡಿದ. ಅವಳು ನಾಲಗೆ ಕಚ್ಚಿಕೊಂಡಳು.

“ಯಾವಳದೋ ಅಂತೀರಲ್ಲ ಅಣ್ಣಾ. ಅದು ನಾನೇ.”

“ನೀವಾ!”

“ನಿಮ್ಮ ಮನೆಯವ್ರು ಒಟ್ಟಿಗೆ ಹೋಗೋಣ ಅಂತ ಬೆನ್ನು ಬಿದ್ದಿದ್ರು. ಬೇಜಾರು ಮಾಡ್ಕೋಬೇಡಿ, ಒಂದೊಂದು ಕಲ್ಲಿನ ಮುಂದೂ ಅವ್ರು ನಿಂತ್ಕೋತಾರೆ, ನೀವು ತೆಗೀತೀರಿ, ನಾವು ಬ್ಯಾಗು ಹಿಡ್ಕೊಂಡು ಕಾಯ್ಬೇಕು. ಅದಕ್ಕೇ ಸುಳ್ಳು ಹೇಳಿ ಬೇರೆ ಟೂರಲ್ಲಿ ಹೋದ್ವಿ. ನೀವೂ ಅದೇ ಹೊಲಕ್ಕೆ ಬರ್ತೀರಿ ಅಂತ ಕನಸು ಬಿದ್ದಿತ್ತಾ?”

“ಹಾಗಾದ್ರೆ ಬನ್ನಿ ಒಳಗೆ. ಅವಳಿಗೆ ಇದನ್ನೇ ಹೇಳಿ!”

“ಅಯ್ಯೋ, ನಿಮ್ಮನ್ನ ತಪ್ಪಿಸ್ಕೊಂಡು ಹೋದ್ವಿ ಅಂತ ಯಾವ ಬಾಯಲ್ಲಿ ಹೇಳ್ಲಿ?” ಅವಳು ಹತ್ತಿರ ಬಂದು ಅವನ ತೋಳು ಹಿಡಿದುಕೊಂಡಳು. “ಟೋಪಿ ಹಾಕ್ಕೊಂಡಿದ್ದೋಳು ನಾನೇ ಅಂತ ನಿಮ್ಮ ಮನೆಯವ್ರಿಗೆ ಮಾತ್ರ ಗೊತ್ತಾಗ್ಬಾರ್ದು ಅಣ್ಣಾ. ಆ ಫೋಟೊ ಎಲ್ಲಾದ್ರೂ ಉಳಿದಿದ್ರೆ ಗುಟ್ಟಾಗಿ ನಂಗೊಂದು ಕಳ್ಸಿ.”

ಅವನು ತಿರುಗಿದ. ಸಿಟ್ಟು ಇಳಿದು ಊಟಕ್ಕೆ ಕರೆಯೋಣವೆಂದು ಹೆಂಡತಿ ಹೊಸಿಲಿಗೆ ಬಂದು ನಿಂತಿದ್ದಳು. ಬಂದದ್ದು ಕೊನೆಯ ಮಾತಿನ ಹೊತ್ತಿಗೆ.

“ಅಣ್ಣಾ ಅಂತೆ, ಅಣ್ಣಾ!” ಎಂದವಳೇ ಬಾಗಿಲು ಬಡಿದು ಒಳಗಿನಿಂದ ಚಿಲಕ ಹಾಕಿಕೊಂಡಳು.