ಮಾವನವರು ಕಪ್ಪುಬಿಳುಪಾದದ್ದು

ಹೊಸ ಸಾಮಾನು ಮನೆಗೆ ಬಂದರೆ ಹಳೆ ಸಾಮಾನಿಗೆ ಹೊಟ್ಟೆಕಿಚ್ಚಾಗುತ್ತದೆ ಎಂದು ನಾನು ಮೊದಲಿನಿಂದಲೂ ನಂಬಿದವನು. ನೀವು ನಗಬಹುದು. ನಮ್ಮ ಮನೆಗೆ ಮಿಕ್ಸಿ ಬಂದ ವಾರದಲ್ಲೇ ಗ್ರೈಂಡರ್ ಕೆಟ್ಟು ಕೂತಿತು, ಫ್ಯಾನು ತಂದ ಮೇಲೆ ಟ್ಯೂಬ್‌ಲೈಟು ಕಣ್ಣು ಹೊಡೆಯತೊಡಗಿತು. ಆದರೆ ಹಳೆ ಕಂಪ್ಯೂಟರು ಹೊಸ ಪ್ರಿಂಟರಿನ ಮೇಲಿನ ಸಿಟ್ಟನ್ನು ನಮ್ಮ ಮಾವನವರ ಮೇಲೆ ತೀರಿಸಿಕೊಳ್ಳುತ್ತದೆ ಎಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ. ಆ ಗಾಬರಿ ಇನ್ನೂ ಪೂರ್ತಿ ಇಳಿದಿಲ್ಲ. ಇದನ್ನು ಟೈಪ್ ಮಾಡುವಾಗಲೂ ಬೆರಳು ತಪ್ಪು ಅಕ್ಷರದ ಮೇಲೆ ಬೀಳುತ್ತಿದೆ. ಒಂದೇ ಬೆರಳು, ಯಾಕೆಂದರೆ ನಾನು ಟೈಪ್ ಮಾಡುವುದೇ ಒಂದು ಬೆರಳಿನಲ್ಲಿ.

ನನ್ನದು ನ್ಯಾಮತಿಯಲ್ಲಿ ಹಿಂಡಿ-ಬೂಸಾ ಅಂಗಡಿ. ಎಸ್ಸೆಸ್ಸೆಲ್ಸಿ ಪಾಸಾದದ್ದು ಮದುವೆಯಾಗಿ ಮಗಳು ಶಾಲೆಗೆ ಸೇರಿದ ಮೇಲೆ. ತಡವಾಗಿ ಕಲಿತವನಿಗೆ ಕಲಿತದ್ದನ್ನೆಲ್ಲ ನಾಲ್ಕು ಜನಕ್ಕೆ ತೋರಿಸುವ ಚಪಲ ಜಾಸ್ತಿ. ಊರಿನ ಟೈಪಿಂಗ್ ಅಂಗಡಿ ಮುಚ್ಚಿದಾಗ ಅಲ್ಲಿನ ಕಂಪ್ಯೂಟರನ್ನು ನಾನೇ ತಂದು ಮನೆಯ ಪಡಸಾಲೆಯಲ್ಲಿಟ್ಟೆ. ಆನ್ ಮಾಡಿ ಸ್ನಾನಕ್ಕೆ ಹೋದರೆ ಬರುವ ಹೊತ್ತಿಗೆ ಸಿದ್ಧವಾಗಿರುತ್ತದೆ. ನನಗೂ ಅದಕ್ಕೂ ವೇಗ ಹೊಂದಿಕೆಯಾಗಿ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಇಂಥ ಹೊತ್ತಿನಲ್ಲಿ ಮಾವನವರು ಡೇರಿ ಸಂಘದ ಚುನಾವಣೆಗೆ ನಿಂತರು. ಬಸವಣ್ಯಪ್ಪನವರೆಂದರೆ ತ್ಯಾವಣಿಗೆ ಕಡೆ ಒಂದು ಹಳ್ಳಿಯಲ್ಲಿ ಎಮ್ಮೆ ಕಟ್ಟಿಕೊಂಡು ಒಬ್ಬರೇ ಇರುವ ಗಟ್ಟಿ ಮುದುಕರು. ಹಿಂದಿನ ಸಲ ಹಾಲೇಶಪ್ಪನೆಂಬ ಎದುರಾಳಿಯ ಕೈಯಲ್ಲಿ ಸೋತಿದ್ದರು. ಈ ಸಲವೂ ಅವನೇ ಎದುರಿಗೆ. "ಈ ಸಲ ಬಿದ್ರೆ ಡೇರಿ ಕಡೆ ತಲೆ ಹಾಕಿ ಮಲಗಾಂಗಿಲ್ಲ" ಎಂದು ಮಗಳ ಹತ್ತಿರ ಹೇಳಿಕೊಂಡಿದ್ದರು. ನನ್ನನ್ನು ಯಾವುದಕ್ಕೂ ಲೆಕ್ಕಕ್ಕೇ ಇಟ್ಟುಕೊಳ್ಳದ ಮಾವನವರ ಮುಂದೆ ಒಂದಿಷ್ಟು ಮರ್ಯಾದೆ ಗಳಿಸುವ ಅವಕಾಶ ಸಿಕ್ಕಿತೆಂದು, ಪಾಂಪ್ಲೆಟ್ ಜವಾಬ್ದಾರಿ ನನ್ನದು ಎಂದುಬಿಟ್ಟೆ. ಅವರು ಫೋನಿನಲ್ಲೇ, "ನಿನ್ ಕೈಲಿ ಆಕ್ಕತೇನಪ್ಪ?" ಎಂದರು. ಆ ಮಾತೇ ನನ್ನನ್ನು ಪ್ರಿಂಟರು ಕೊಳ್ಳಲು ಹೊನ್ನಾಳಿಯ ಅಂಗಡಿಗೆ ಅಟ್ಟಿತು.

"ನಿಮ್ದು ಯಾವ ಕಂಪ್ಯೂಟರ್ರಿ?" ಎಂದ ಅಂಗಡಿಯವನು.

"ಬೆಳ್ಳಗಿತ್ತು. ಈಗ ಸ್ವಲ್ಪ ಹಳದಿ ತಿರುಗೈತೆ" ಎಂದೆ.

ಅವನು ನನ್ನನ್ನೇ ದಿಟ್ಟಿಸಿ, ಮುಂದೆ ಏನೂ ಕೇಳದೆ ಬಣ್ಣದ ಪ್ರಿಂಟರನ್ನು ಡಬ್ಬಿ ಸಮೇತ ಕೈಗೆ ಕೊಟ್ಟ. ಕೇಳಬೇಕಿತ್ತು. ಮನೆಗೆ ಬಂದು ವೈರು ಸಿಕ್ಕಿಸಿದರೆ ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ಪ್ರಿಂಟರಿನ ಮಾತನ್ನು ಕಂಪ್ಯೂಟರಿಗೆ ತಿಳಿಸಿ ಹೇಳಲು ನಡುವೆ ಡ್ರೈವರ್ ಎಂಬ ದುಭಾಷಿ ಬೇಕಂತೆ. ಹೊಸ ಪ್ರಿಂಟರಿನ ದುಭಾಷಿಗೆ ನನ್ನ ಹಳೆ ಕಂಪ್ಯೂಟರಿನ ಭಾಷೆ ಬರುವುದಿಲ್ಲವಂತೆ. ಅಂಗಡಿಯವನಿಗೆ ಫೋನು ಮಾಡಿದರೆ, "ಹಳೇ ಮಾಡೆಲ್ಲಿನ ಡ್ರೈವರ್ ಹಾಕ್ ನೋಡ್ರಿ, ಒಂದೊಂದ್ಸಲ ನಡೀತದೆ" ಎಂದ. ಹಾಕಿದೆ. ನಡೆಯಿತು. ಹೇಗೆ ನಡೆಯಿತೆಂದರೆ, ಮೊದಲ ಹಾಳೆಯಲ್ಲಿ ಮಾವನವರು ಹಲಸಂದೆ ಕಾಯಿಯ ಹಸಿರು ಬಣ್ಣದಲ್ಲಿ, ಮೈತುಂಬ ಗೆರೆ ಎಳೆದುಕೊಂಡು ಹೊರಗೆ ಬಂದರು. ನಾನು ಬೆಚ್ಚಿಬಿದ್ದು ಕುರ್ಚಿಯಿಂದ ಎದ್ದೇಬಿಟ್ಟೆ.

ಅಡುಗೆಮನೆಯಿಂದ ಓಡಿ ಬಂದ ನನ್ನ ಹೆಂಡತಿ ಗೌರಮ್ಮ, "ಅಯ್ಯೋ ಶಿವನೇ, ನಮ್ಮಪ್ಪಗೆ ಹಾವು ಕಡಿದಂಗೈತಲ್ರೀ!" ಎಂದಳು.

ಬಣ್ಣದ ಆಸೆ ಬಿಟ್ಟು ಕಪ್ಪು ಶಾಯಿಯೊಂದರಲ್ಲೇ ತೆಗೆದೆ. ಆಹಾ, ಮುಖ ಮೀಸೆ ಸಮೇತ ಮೂಡಿತು. ಗೌರಮ್ಮನೂ "ಈಗ ನಮ್ಮಪ್ಪನಂಗೆ ಕಾಣ್ತಾನೆ ನೋಡ್ರಿ" ಎಂದು ಒಳಗೆ ಹೋದಳು. ನಾನು ನೋಡಿದ್ದು ಮುಖ ಮಾತ್ರ. ಫೋಟೋದ ಸುತ್ತ ಗೌರವಕ್ಕೆಂದು ನಾನೇ ಕೂರಿಸಿದ್ದ ಚೆಂಡುಹೂವಿನ ಹಾರವಿತ್ತು, ಹಾಳೆಯ ಅಂಚಿಗೆ ಕೆಂಪು ಪಟ್ಟಿಯಿತ್ತು. ಎರಡೂ ಈಗ ಕಪ್ಪಗಾಗಿದ್ದವು. ಇನ್ನೊಂದು, ಆ ಹಳೆ ಡ್ರೈವರು ಯಾವುದೋ ಪರದೇಶದ ಗಿಡ್ಡ ಹಾಳೆಯ ಲೆಕ್ಕದಲ್ಲಿತ್ತು. ಹೀಗಾಗಿ "ಇವರಿಗೆ ನಿಮ್ಮ ಅಮೂಲ್ಯ ಮತ ನೀಡಿ ಗೆಲ್ಲಿಸಿ" ಎಂಬ ಕೊನೆ ಸಾಲು ಒಂದು ಹಾಳೆಯಲ್ಲೂ ಬಂದಿರಲಿಲ್ಲ. ಉಳಿದದ್ದು ಇಷ್ಟು: ಹಾರದೊಳಗೆ ಮಾವನವರು, ಅವರ ಕೆಳಗೆ "ಸರಳ ಜೀವಿ, ಸಜ್ಜನ, ಹಾಲು ಉತ್ಪಾದಕರ ಆತ್ಮೀಯ ಬಂಧು ಶ್ರೀ ಬಸವಣ್ಯಪ್ಪನವರು". ಕಟ್ಟನ್ನು ಪೇಪರಿನಲ್ಲಿ ಸುತ್ತಿ, ಡೇರಿಗೆ ಮುಟ್ಟಿಸುವಂತೆ ಹೇಳಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು, ಅಂದು ನೆಮ್ಮದಿಯಿಂದ ಊಟ ಮಾಡಿದೆ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದೆ. ಜಗಳೂರು ಕಡೆಯ ಸೊಕ್ಕೆಯಿಂದ ಗೌರಮ್ಮನ ಚಿಕ್ಕಮ್ಮನ ಫೋನು.

"ಮಣ್ಣು ಎಷ್ಟೊತ್ತಿಗಪ್ಪ?" ಎಂದು ಅಳುತ್ತಲೇ ಕೇಳಿದರು.

"ಯಾರ್ದು ಚಿಕ್ಕಮ್ಮ?"

"ಹಿಂಗ್ ಕೇಳ್ತೀಯಲ್ಲೋ! ನಿಮ್ ಮಾವಂದು! ಮೊಬೈಲಿಗೆ ಕಾರ್ಡು ಬಂದೈತೆ, ಕರೇ ಅಂಚಿಂದು. ನಿಮಗ್ಯಾರೂ ಹೇಳ್ಲಿಲ್ಲೇನು?"

ನನ್ನ ಕೈಯಲ್ಲಿದ್ದ ಬೀಗ ಕಾಲ ಮೇಲೆ ಬಿತ್ತು. ಮಾವನವರಿಗೆ ಫೋನು ಮಾಡಿದರೆ ರಿಂಗಾಗುತ್ತಿದೆ, ಎತ್ತುವವರಿಲ್ಲ. ಇಲ್ಲೇ ನೋಡಿ, ನಾನು ಎಷ್ಟು ಓದಿದವನೆಂದು ನಿಮಗೆ ತಿಳಿಯುವುದು. ಕರಿ ಅಂಚು ಎಂದಾಗ ನನಗೆ ನನ್ನ ಪಾಂಪ್ಲೆಟ್ ನೆನಪಾಗಲೇ ಇಲ್ಲ. ಪಾಪ, ಚುನಾವಣೆಯ ಹೊತ್ತಿಗೇ ಹೀಗಾಯಿತಲ್ಲ, ಅಷ್ಟು ಕಷ್ಟಪಟ್ಟು ಹಾಕಿದ ಪಾಂಪ್ಲೆಟ್ ದಂಡವಾಯಿತಲ್ಲ ಎಂದು ಕಣ್ಣೀರೇ ಬಂತು. ಗೌರಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಹೊನ್ನಾಳಿಯಲ್ಲಿ ದೊಡ್ಡದೊಂದು ಹಾರ ಕೊಂಡು, ದಾರಿಯುದ್ದಕ್ಕೂ ಅಳುತ್ತಾ ಹೋದೆವು. ಅವಳು "ಅಪ್ಪಾ" ಎಂದು ಅತ್ತರೆ ನಾನು ಹಾರನ್ ಹೊಡೆಯುತ್ತಾ ಅಳುತ್ತಿದ್ದೆ.

ಮಾವನವರ ಮನೆ ಮುಂದೆ ಚಪ್ಪಲಿಗಳ ರಾಶಿ. ಜನ ಸೇರಿದ್ದಾರೆ. ಗೌರಮ್ಮ ಬೈಕಿನಿಂದ ಹಾರಿ ಜನರ ನಡುವೆ ನುಗ್ಗಿದವಳು ಚೀರಿಕೊಂಡಳು. ಚೀರಿದ್ದು ದುಃಖಕ್ಕಲ್ಲ. ಜಗಲಿಯ ಮೇಲೆ ಮಾವನವರು ಟೀ ಕುಡಿಯುತ್ತಾ ಕೂತಿದ್ದರು! ಸತ್ತರೆಂದು ಕೇಳಿದಾಗಲೂ ನನಗೆ ಅಷ್ಟು ಗಾಬರಿಯಾಗಿರಲಿಲ್ಲ.

"ಬಾರಪ್ಪ ಅಳಿಯ. ಹಾರ ತಂದೀಯಲ್ಲ, ಹಾಕು" ಎಂದರು.

ಆಗಿದ್ದೇನೆಂದರೆ, ಮಾವನವರು ಬೆಳಗಾಗುವ ಮೊದಲೇ ಹಾಲು ಕರೆದು, ಕ್ಯಾನು ಹಿಡಿದು, ಫೋನು ಮನೆಯಲ್ಲೇ ಬಿಟ್ಟು ಪಕ್ಕದ ಹಟ್ಟಿಗೆ ಓಟು ಕೇಳಲು ಹೋಗಿದ್ದರು. ಅದೇ ಹೊತ್ತಿಗೆ ಡೇರಿಯ ಕಾರ್ಯದರ್ಶಿ ಕಟ್ಟು ಬಿಚ್ಚಿ, ನೋಡಿ, ತಿಥಿ ಕಾರ್ಡೆಂದುಕೊಂಡು ಫೋಟೋ ತೆಗೆದು ಗೊತ್ತಿದ್ದವರ ಮೊಬೈಲಿಗೆಲ್ಲ ಕಳಿಸಿ, ಕ್ಯಾನುಗಳನ್ನು ಪಕ್ಕಕ್ಕಿಟ್ಟು ಎಲ್ಲರನ್ನೂ ಮೌನವಾಗಿ ನಿಲ್ಲಿಸಿದ. ಆಮೇಲೆ ಹಾಲೇಶಪ್ಪನೇ ಮುಂದೆ ಬಂದು, "ನನ್ ವಿರೋಧ ನಿಂತಿರಬಹುದು. ಆದ್ರೆ ಹಾಲಿಗೆ ಒಂದು ಹನಿ ನೀರು ಹಾಕಿದ ಮನುಷ್ಯ ಅಲ್ಲ. ಡೇರಿಗೆ ಇಂಥವ್ರು ಇರಬೇಕಿತ್ತು" ಎಂದು ಎಲ್ಲರೆದುರಿಗೆ ಹೇಳಿದನಂತೆ. ಹೇಳಿ ಮುಗಿಸುವಾಗ ಮಾವನವರು ಕ್ಯಾನು ಹಿಡಿದುಕೊಂಡು ಒಳಗೆ ಬಂದರಂತೆ.

ಗೌರಮ್ಮ, "ಎಲ್ಲಾ ಇವರದೇ ಕೆಲಸ, ಅಪ್ಪಾ! ಆ ಹಳೇ ಡಬ್ಬಾ ಬೇಡ ಅಂದ್ರೂ ಕೇಳ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು. ಬೇಡವೆಂದು ಅವಳು ಒಂದು ದಿನವೂ ಅಂದಿರಲಿಲ್ಲ. ಆದರೆ ಅದನ್ನು ಹೇಳುವ ಹೊತ್ತು ಅದಲ್ಲ.

ಮಾವನವರು ಲೋಟ ಕೆಳಗಿಟ್ಟು, "ಬೈಬ್ಯಾಡವ್ವ. ಬದುಕಿರೋನ್ನ ಹೊಗಳಾಕೆ ನಮ್ಮೂರಾಗೆ ಯಾರಿಗೂ ಬಾಯಿ ಬರಾಂಗಿಲ್ಲ. ಇವತ್ತು ಎಲ್ರ ಬಾಯೂ ನನ್ ಕಿವೀಲೇ ಕೇಳ್ದೆ" ಎಂದರು.

ಎಲ್ಲರೆದುರಿಗೆ ಅಷ್ಟು ಹೊಗಳಿದ ಮೇಲೆ ಹಾಲೇಶಪ್ಪ ಯಾವ ಮುಖ ಇಟ್ಟುಕೊಂಡು ಓಟು ಕೇಳುತ್ತಾನೆ? ಮಾವನವರು ಗೆದ್ದರು. ಗೆದ್ದ ದಿನ ನನ್ನ ಬೆನ್ನು ತಟ್ಟಿ, "ಕೈಲಾಯ್ತು ಬಿಡು" ಎಂದರು. ಇಷ್ಟು ವರ್ಷಗಳಲ್ಲಿ ನಾನು ಅವರಿಂದ ಪಡೆದ ಮೊದಲ ಪ್ರಶಸ್ತಿ. ಅದೂ ಅವರನ್ನು ಸಾಯಿಸಿ.

ಅವಮಾನ ತಡೆಯದೆ ಚನ್ನಗಿರಿಯಿಂದ ಗೊತ್ತಿದ್ದವನೊಬ್ಬನನ್ನು ಕರೆಸಿ ಕಂಪ್ಯೂಟರು ರಿಪೇರಿ ಮಾಡಿಸಿದೆ. ಅವನು ಹೊಂದುವ ಡ್ರೈವರು ಹಾಕಿದ. ಈಗ ಗುಲಾಬಿ ಗುಲಾಬಿಯಾಗಿ, ಹಸಿರು ಹಸಿರಾಗಿ, ಕೊನೆ ಸಾಲಿನವರೆಗೂ ಪ್ರಿಂಟು ಬರುತ್ತದೆ. ನಿಟ್ಟುಸಿರು ಬಿಡುವಷ್ಟರಲ್ಲಿ ಮೊನ್ನೆ ಹಾಲೇಶಪ್ಪನ ಫೋನು ಬಂತು. ಬೈಯಲು ಇರಬೇಕೆಂದು ಹೆದರಿಕೊಂಡೇ ಎತ್ತಿದೆ.

"ಅಳಿಯಂದ್ರೇ, ನಾನು ಸೊಸೈಟಿ ಚುನಾವಣೆಗೆ ನಿಂತೀನಿ. ನನ್ ಪಾಂಪ್ಲೆಟ್ಟೂ ನೀವೇ ಹಾಕಿಕೊಡ್ರಿ" ಎಂದ.

"ಧಾರಾಳವಾಗಿ. ಈಗ ಬಣ್ಣ ಚೆನ್ನಾಗಿ ಬರ್ತೈತೆ ನೋಡ್ರಿ" ಎಂದೆ.

"ಬಣ್ಣ ಯಾರಿಗ್ ಬೇಕ್ರಿ? ಬಸವಣ್ಯಪ್ಪಂಗೆ ಹಾಕಿದ್ರಲ್ಲ, ಅದೇ ನಮೂನಿ ಆಗಬೇಕು."

ಒಪ್ಪಿಕೊಂಡಿದ್ದೇನೆ. ನಾಲ್ಕು ಜನಕ್ಕೆ ತೋರಿಸುವ ಚಪಲ, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಒದ್ದಾಡುತ್ತಿದ್ದೇನೆ. ಕಪ್ಪು ಶಾಯಿಯಲ್ಲೇ ತೆಗೆದರೂ ಮತ ಕೇಳುವ ಕೊನೆ ಸಾಲು ಬಿಡದೆ ಬರುತ್ತದೆ, ಎಷ್ಟು ಕುಟ್ಟಿದರೂ ಸರಿಯಾಗಿಯೇ ಬರುತ್ತಿದೆ. ಮೊದಲ ಸಲ ಏನೂ ಗೊತ್ತಿಲ್ಲದೆ ಅಷ್ಟು ಸಲೀಸಾಗಿ ಕೆಡಿಸಿದವನಿಗೆ, ಈಗ ಬೇಕೆಂದೇ ಕೂತರೆ ಕೆಡಿಸಲು ಬರುತ್ತಿಲ್ಲ.